ಸಾಹೇಬರು ಬಂದರೆ ನಿಲ್ಲುವ ಹುಲ್ಲಿನ ಗಾಡಿ

ನಾನು ಡಿಗ್ರಿ ಪಾಸಾದ ಸುದ್ದಿ ಮುನವಳ್ಳಿಯ ನಮ್ಮ ಓಣಿಗೆ ಮುಟ್ಟಿದ ದಿನ ಮನೆಮನೆಗೂ ಸಕ್ಕರೆ ಹಂಚಿದ್ದೆವು. ನನಗೆ ಶಾಲೆಯೊಂದರಲ್ಲಿ ಸಿಕ್ಕ ನೌಕರಿಯಲ್ಲಿ ಏನು ಮಾಡಬೇಕು ಎಂಬ ಸುದ್ದಿ ಮುಟ್ಟಿದ ದಿನ ಅದೇ ಜನ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಲ್ಲು ಕೊಯ್ಯೂ ಕೆಲಸ ಅಂತ?" ಎಂದಳು ಪಕ್ಕದ ಮನೆಯ ಗಂಗವ್ವ. "ಅದಕ್ಕ ಬೆಳಗಾವಿಗಿ ಹೋಗಿ ಕಲಿಬೇಕಾಗಿತ್ತೇನವಾ? ನಾ ಎರಡನೇತ್ತೇಕ ಸಾಲಿ ಬಿಟ್ಟಾಕಿ, ದಿನಾ ಒಂದು ಹೊರಿ ಕೊಯ್ದು ತರತೇನಿ."

"ಕೊಯ್ಯೂದು ಮಷೀನು, ಗಂಗವ್ವಾ. ನಾ ಮಷೀನು ನೋಡ್ಕೋತೇನಿ."

"ಕೊಯ್ದ ಹುಲ್ಲು ಯಾವ ಎಮ್ಮಿಗಿ ಹಾಕತಾರ?"

"ಯಾವ ಎಮ್ಮಿಗೂ ಹಾಕೂದಿಲ್ಲ. ಹೊರಗ ಚೆಲ್ಲತಾರ."

ಗಂಗವ್ವ ನಮ್ಮ ಅವ್ವನ ಕಡೆ ತಿರುಗಿ, "ಮಗಳನ್ನ ಅಲ್ಲಿಗಿ ಕಳಸಬ್ಯಾಡ. ಆ ಸಾಲಿ ಮಂದಿಗಿ ತಲಿ ಸರಿ ಇದ್ದಂಗ ಕಾಣೂದಿಲ್ಲ" ಅಂದಳು.

ನಮ್ಮ ಅಪ್ಪ ಹಿಟ್ಟಿನ ಗಿರಣಿಯಲ್ಲಿ ದುಡಿದವರು. ಸಂಜೆ ಮನೆಗೆ ಬಂದರೆ ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದವಳೇ ನಾನು ಮೊದಲು, ಆಮೇಲೆ ಕಾಲೇಜು ಕಂಡವಳೂ ನಾನೇ. ಬಿ.ಇ. ಮೆಕ್ಯಾನಿಕಲ್ ಎಂದು ಹೆಸರಿನ ಮುಂದೆ ಇಂದಿಗೂ ಬರೆಯುತ್ತೇನೆ, ಹಾಲಿನವನಿಗೆ ಚೀಟಿ ಬರೆದರೂ. ಅಷ್ಟು ಕಷ್ಟಪಟ್ಟು ತಂದದ್ದನ್ನು ಟ್ರಂಕಿನಲ್ಲಿ ಮುಚ್ಚಿಡುವ ಸ್ವಭಾವ ನನ್ನದಲ್ಲ.

ಕೆಲಸ ಸಿಕ್ಕಿದ್ದು ಬೈಲಹೊಂಗಲದ ಹೊರಗಿನ ಒಂದು ವಸತಿ ಶಾಲೆಯಲ್ಲಿ. ಹೆಸರು ಬೇಡ. ನೀರಿನ ಪಂಪು, ಜನರೇಟರು, ಊಟದ ಮನೆಯ ರೊಟ್ಟಿ ಮಷೀನು, ಶಾಲೆಯ ಬಸ್ಸು, ಎಲ್ಲದರ ಉಸ್ತುವಾರಿ ನನ್ನದು. ಪಟ್ಟಿಯ ಕೊನೆಯಲ್ಲಿ ಮೈದಾನದ ಹುಲ್ಲು ಕತ್ತರಿಸುವ ಮಷೀನು. ಸಣ್ಣ ಟ್ರ್ಯಾಕ್ಟರಿನ ಹಾಗೆ ಅದರ ಮೇಲೆ ಕೂತು ಓಡಿಸಬೇಕು. ನಾಲ್ಕು ಚಕ್ರ, ಮುಂದೆ ಎಂಜಿನ್, ಹೊಟ್ಟೆಯ ಕೆಳಗೆ ತಗಡಿನ ಡೆಕ್ಕು, ಅದರೊಳಗೆ ತಿರುಗುವ ಬ್ಲೇಡು. ಶಾಲೆಯ ಅಧ್ಯಕ್ಷರು ಎಲ್ಲಿಯೋ ದೊಡ್ಡ ಮೈದಾನದಲ್ಲಿ ಇಂಥದ್ದನ್ನು ನೋಡಿ ಮನಸ್ಸಾಗಿ ತರಿಸಿದ್ದರು. ಎಲ್ಲರೂ ಅದನ್ನು ಹುಲ್ಲಿನ ಗಾಡಿ ಎನ್ನುತ್ತಿದ್ದರು. ಜನರೇಟರು, ಬಸ್ಸು ನನಗೆ ಸಂಬಳ ಕೊಡಿಸಿದವು. ಬುದ್ಧಿ ಕಲಿಸಿದ್ದು ಹುಲ್ಲಿನ ಗಾಡಿ.

ಇಂಥ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ: ದಿನಾ ಏನೇನು ನೋಡಬೇಕು, ಅಕ್ಕಾರ? ಮಷೀನಿನ ಜೊತೆ ಬಂದ ಪುಸ್ತಕ ಓದಿರಿ ಎನ್ನುತ್ತೇನೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಬರೆದವರು ನಮ್ಮ ಕಡೆಯ ನೆಲ ನೋಡಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿ ಎಳೆದು ನೋಡಬೇಕು, ಅದೂ ಸಮತಟ್ಟು ನೆಲದ ಮೇಲೆ ನಿಲ್ಲಿಸಿ. ಇಳಿಜಾರಿನಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ. ಸುತ್ತಲಿನ ಹೊಲಗಳಲ್ಲಿ ರಾಶಿ ನಡೆದಾಗ ಜೋಳದ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಏರ್ ಫಿಲ್ಟರಿನಲ್ಲಿ ಮನೆ ಮಾಡುತ್ತದೆ. ಆ ದಿನಗಳಲ್ಲಿ ಪುಸ್ತಕ ಹೇಳಿದಷ್ಟು ಕಾಯ್ದರೆ ಎಂಜಿನ್ನಿಗೆ ದಮ್ಮು ಹತ್ತುತ್ತದೆ. ಟೈರಿನಲ್ಲಿ ನೆಗ್ಗಿಲ ಮುಳ್ಳು ಇದೆಯೋ ಎಂದು ಅಂಗೈ ಸವರದೆ ಕಣ್ಣಿನಿಂದ ನೋಡಿರಿ, ನಾನು ಒಂದು ಸಲ ಸವರಿ ನೋಡಿದ್ದೇನೆ. ಡೆಕ್ಕಿನ ಕೆಳಗೆ ಅಂಟಿದ ಹುಲ್ಲನ್ನು ಅದೇ ದಿನ ಕೆರೆದು ತೆಗೆಯದಿದ್ದರೆ ಮರುದಿನ ಕುಳ್ಳಿನ ಹಾಗೆ ಗಟ್ಟಿಯಾಗುತ್ತದೆ, ಬೇಕಾದರೆ ಒಲೆಗೆ ಹಾಕಬಹುದು. ಬ್ಲೇಡಿಗೆ ಕೈ ಹಾಕುವ ಮುಂಚೆ ಪ್ಲಗ್ಗಿನ ವಾಯರ್ ಕಿತ್ತು ದೂರ ಸರಿಸಬೇಕು. ಇದನ್ನು ಮಾತ್ರ ನಗುತ್ತ ಹೇಳುವುದಿಲ್ಲ. ಮಸೆದ ಬ್ಲೇಡನ್ನು ಗೋಡೆಯ ಮೊಳೆಗೆ ನಡುವಿನ ತೂತಿನಿಂದ ತೂಗುಹಾಕಿ ನೋಡಿರಿ. ಒಂದು ಕಡೆ ವಾಲಿದರೆ ಆ ಕಡೆ ಇನ್ನಷ್ಟು ಮಸೆಯಬೇಕು. ಕತ್ತರಿಸಲು ಹೋಗುವ ಮುಂಚೆ ಮೈದಾನವನ್ನು ನಡೆದು ನೋಡಬೇಕು. ವಸತಿ ಶಾಲೆಯ ಹುಲ್ಲಿನಲ್ಲಿ ಲಗೋರಿ ಕಲ್ಲು, ಊಟದ ಮನೆಯ ಚಮಚ, ಒಂಟಿ ಚಪ್ಪಲಿ, ಒಂದು ಸಲ ಗಣಿತದ ಮಾಸ್ತರರ ಹಲ್ಲಿನ ಸೆಟ್ಟು ಸಿಕ್ಕಿದ್ದವು. ಅದು ಅಲ್ಲಿಗೆ ಹೇಗೆ ಬಂತೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗಾಡಿ ಓಡಿಸುತ್ತಿದ್ದವನು ಫಕೀರಪ್ಪ. ರಾಮದುರ್ಗದ ಕಡೆಯವನು, ನನಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವನು, ಆದ್ದರಿಂದ ನಾನು ಕಾಕಾ ಎನ್ನುತ್ತಿದ್ದೆ. ಅರ್ಧ ಆಯುಷ್ಯ ಬೇರೆಯವರ ಹೊಲದಲ್ಲಿ ಎತ್ತು ಹೊಡೆದಿದ್ದ. ಹೊಲದ ಧಣಿ ಟ್ರ್ಯಾಕ್ಟರ್ ತಂದು ಎತ್ತು ಮಾರಿದಾಗ ಎತ್ತಿನ ಜೊತೆ ಇವನ ಕೆಲಸವೂ ಹೋಯಿತು. ಶಾಲೆಯಲ್ಲಿ ದಿನಗೂಲಿಗೆ ಸೇರಿದ್ದ. ಗಾಡಿಯನ್ನು ನೇರ ಸಾಲು ಹಿಡಿಸಿ ಓಡಿಸುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಕತ್ತರಿಸಿ ಮುಗಿಸಿದ ಮೈದಾನ ಬಾಚಿದ ತಲೆಯ ಹಾಗೆ ಕಾಣುತ್ತಿತ್ತು. ಆದರೆ ಗಾಡಿ ಅವನ ಪಾಲಿಗೆ ಮೂರನೆಯ ಎತ್ತು.

ಒಂದು ದಿನ ಗಾಡಿ ಮೈದಾನ ಸುತ್ತಿ ಬಂದರೂ ಹುಲ್ಲು ಕತ್ತರಿಸಿರಲಿಲ್ಲ. ಇಸ್ತ್ರಿ ಮಾಡಿದ ಹಾಗೆ ಮಲಗಿತ್ತು, ಅಷ್ಟೆ. ಡೆಕ್ಕಿನ ಮುಚ್ಚಳ ತೆಗೆದರೆ ಬ್ಲೇಡು ತಿರುಗಿಸುವ ರಬ್ಬರಿನ ಬೆಲ್ಟು ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿದೆ, ಪುಲ್ಲಿಯ ಮೇಲೆ ಸುಮ್ಮನೆ ಜಾರುತ್ತಿದೆ.

"ಕಾಕಾ, ಇದಕ್ಕ ಏನು ಹಚ್ಚೀರಿ?"

"ಔಡಲೆಣ್ಣಿರಿ ಅಕ್ಕಾರ. ಚಕ್ಕಡಿ ಮಿಣಿಗಿ ಉಣಸತಿದ್ವೆಲ್ಲ, ಹಂಗ. ಬಿಸಲಾಗ ಬಿರಿಬಾರದಂತ."

"ಎಷ್ಟು ಹಾಕೀರಿ?"

"ಕುಡಿಯೂಷ್ಟು ಕುಡೀಲಿ ಅಂತ ಬಿಟ್ಟೇನ್ರಿ."

ತೊಗಲಿನ ಮಿಣಿಗೂ ರಬ್ಬರಿನ ಬೆಲ್ಟಿಗೂ ವ್ಯತ್ಯಾಸ ಹೇಳಿದೆ. ಕೇಳಿದ, ತಲೆದೂಗಿದ. ಬೆಲ್ಟು ಬದಲಿಸಿದೆ. ಕೆಲವು ವಾರಗಳ ನಂತರ ಮತ್ತೆ ಅದೇ ಕಥೆ, ಹುಲ್ಲಿಗೆ ಬರೀ ಇಸ್ತ್ರಿ. ನಾನು ಸಿಟ್ಟಿನಿಂದ ಬಂದದ್ದನ್ನು ನೋಡಿ ಫಕೀರಪ್ಪ ದೂರದಿಂದಲೇ ಎರಡೂ ಅಂಗೈ ತೋರಿಸಿ, "ಈ ಸಲ ನಾ ಏನೂ ಉಣಸಿಲ್ಲರಿ" ಎಂದ. ನಿಜ. ಹಿಂದಿನ ಸಂಜೆ ಬ್ಲೇಡು ಮಸೆದು ತಲೆಕೆಳಗಾಗಿ ಜೋಡಿಸಿದ್ದವಳು ಬಿ.ಇ. ಮೆಕ್ಯಾನಿಕಲ್ ಆಗಿದ್ದಳು.

ಹೀಗೆ ಒಬ್ಬರದ್ದೊಬ್ಬರು ಸಹಿಸಿಕೊಂಡು ನಡೆದಿದ್ದೆವು. ಆಗ ಶಾಲೆಗೆ ಹೊಸ ಪ್ರಿನ್ಸಿಪಾಲರು ಬಂದರು.

ಅವರು ಸೈನ್ಯದಿಂದ ನಿವೃತ್ತರಾದವರು, ಮೈಸೂರಿನ ಕಡೆಯವರು. ಎಲ್ಲರೂ ಮೇಜರ್ ಸಾಹೇಬರು ಎನ್ನುತ್ತಿದ್ದರು. ಪ್ಯಾಂಟಿನ ಇಸ್ತ್ರಿ ಗೀರಿನಿಂದ ತರಕಾರಿ ಹೆಚ್ಚಬಹುದಿತ್ತು. ದಿನಾ ಒಮ್ಮೆ ಶಾಲೆಯ ಇಡೀ ಆವರಣ ಸುತ್ತುತ್ತಿದ್ದರು. ಬಂದ ಮೊದಲ ವಾರವೇ ನನ್ನನ್ನು ಕರೆಸಿದರು.

"ಆ ಹುಲ್ಲಿನ ಮಷೀನು ಕೆಟ್ಟಿದೆಯಾ?"

"ಇಲ್ಲ ಸರ್. ನಿನ್ನೆ ತಾನೇ ಎಲ್ಲ ನೋಡಿದ್ದೇನೆ."

"ನಾನು ಮೈದಾನಕ್ಕೆ ಹೋದಾಗಲೆಲ್ಲ ಅದು ನಿಂತಿರುತ್ತದೆ. ದೂರದಿಂದ ಸದ್ದು ಕೇಳುತ್ತದೆ, ಹತ್ತಿರ ಹೋದರೆ ಗಪ್. ನೀವು ನೋಡಿಕೊಳ್ಳುತ್ತಿರುವುದು ಮಷೀನೋ, ಮೂರ್ತಿಯೋ?"

ನಾನು ಹೋಗಿ ಗಾಡಿ ಓಡಿಸಲು ಹೇಳಿ ಪಕ್ಕದಲ್ಲೇ ನಿಂತು ನೋಡಿದೆ. ಸುತ್ತು ಹೊಡೆಯಿತು, ಮತ್ತೆ ಸುತ್ತು ಹೊಡೆಯಿತು, ಒಮ್ಮೆಯೂ ಕೆಮ್ಮಲಿಲ್ಲ. ಮರುದಿನ ಸಾಹೇಬರು ಮತ್ತೆ ಕರೆಸಿದರು. ಇವತ್ತೂ ನಿಂತಿತಂತೆ. ಪೆಟ್ರೋಲಿನಲ್ಲಿ ಕಸ ಇರಬೇಕೆಂದು ಟ್ಯಾಂಕು ತೊಳೆದೆ. ಪ್ಲಗ್ಗು ಬದಲಿಸಿದೆ. ಕಾರ್ಬುರೇಟರ್ ಬಿಚ್ಚಿ ಬಟ್ಟೆಯ ಮೇಲೆ ಹರವಿ, ಒಂದೊಂದು ತೂತಿಗೂ ಊದಿ ಊದಿ ಕೆನ್ನೆ ನೋಯಿಸಿಕೊಂಡು ಮತ್ತೆ ಜೋಡಿಸಿದೆ. ನನ್ನ ಎದುರಿಗೆ ಗಾಡಿ ಗುಬ್ಬಿಯ ಹಾಗೆ ಓಡುತ್ತಿತ್ತು. ಸಾಹೇಬರ ಎದುರಿಗೆ ಸಾಯುತ್ತಿತ್ತು.

ಊಟದ ಮನೆಯಲ್ಲಿ ತೀರ್ಮಾನ ಆಗಿಹೋಗಿತ್ತು. ಸಾಹೇಬರದು ಭಾರೀ ದೃಷ್ಟಿ. ಅಡುಗೆಯವರು ನನ್ನನ್ನು ಕೇಳದೆ ಗಾಡಿಯ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಗಾಡಿ ಮರುದಿನವೂ ನಿಂತಿತು, ಮೆಣಸಿನಕಾಯಿ ಮಾತ್ರ ಒಗ್ಗರಣೆಗೆ ವಾಪಸ್ ಹೋಯಿತು. ನಾನು ದೃಷ್ಟಿ ನಂಬುವವಳಲ್ಲ. ಆದರೂ ರಾತ್ರಿ ಮಲಗಿದಾಗ, ಮನುಷ್ಯನ ಮುಖ ನೋಡಿ ನಿಲ್ಲುವ ಎಂಜಿನ್ ಯಾವ ಸಿಲೆಬಸ್ಸಿನಲ್ಲಿ ಇತ್ತು ಎಂದು ನೆನಪಿಸಿಕೊಳ್ಳಲು ನೋಡಿದ್ದುಂಟು.

ಗುಟ್ಟು ರಟ್ಟಾದದ್ದು ಪಂಪಿನ ಮನೆಯ ಮೇಲಿಂದ. ನೀರಿನ ಟಾಕಿಯ ವಾಲ್ವು ನೋಡಲು ಏರಿದ್ದೆ. ಕೆಳಗೆ ಮೈದಾನದಲ್ಲಿ ಗಾಡಿ ಓಡುತ್ತಿತ್ತು. ಆಚೆಯಿಂದ ಮೇಜರ್ ಸಾಹೇಬರು ಬಂದರು. ಅಷ್ಟು ದಿನ ನಾನು ಎಂಜಿನ್ ನೋಡುತ್ತಿದ್ದೆ, ಅಂದು ಅಷ್ಟು ಎತ್ತರದಿಂದ ಎಂಜಿನ್ ಕಾಣುವಂತಿರಲಿಲ್ಲ, ಮನುಷ್ಯ ಮಾತ್ರ ಕಾಣುತ್ತಿದ್ದ. ಸಾಹೇಬರು ಹತ್ತಿರ ಬಂದ ಕೂಡಲೇ ಫಕೀರಪ್ಪ ಸ್ಟೇರಿಂಗು ಬಿಟ್ಟು, ಸೀಟಿನಿಂದ ಎದ್ದು, ನಿಂತು, ಕೈ ಮುಗಿದ. ಗಾಡಿ ನಿಂತಿತು.

ಈ ಗಾಡಿಗಳ ಸೀಟಿನ ಕೆಳಗೆ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಬ್ಲೇಡು ತಿರುಗುತ್ತಿರುವಾಗ ಓಡಿಸುವವನ ಭಾರ ಸೀಟಿನ ಮೇಲಿಂದ ಹೋಯಿತೆಂದರೆ, ಮನುಷ್ಯ ಜಾರಿ ಬಿದ್ದ ಎಂದು ತಿಳಿದು ಅದು ಎಂಜಿನ್ ಆರಿಸುತ್ತದೆ, ಬಿದ್ದವನ ಕಾಲು ಉಳಿಯಲಿ ಎಂದು. ಅದನ್ನು ಮಾಡಿದವರು ಮನುಷ್ಯ ಬೀಳುವುದನ್ನು ಯೋಚಿಸಿದ್ದರು. ಹಿರಿಯರು ಬಂದರೆ ಏಳುವವನನ್ನು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಏಣಿ ಇಳಿದು ಓಡಿದೆ. "ಕಾಕಾ, ನೀವು ಎದ್ರ ಗಾಡಿ ನಿಲ್ಲತೈತಿ ಅಂತ ಗೊತ್ತಿತ್ತೇನು?"

"ಗೊತ್ತಿಲ್ಲದ ಏನ್ರಿ?" ಎಂದ ಫಕೀರಪ್ಪ. "ನಾವು ಎದ್ರ ಎತ್ತೂ ನಿಲ್ಲೂದಿಲ್ಲೇನು? ಅದೂ ಕಲತೈತಿ ಅನ್ಕೊಂಡಿದ್ನಿ."

"ಮತ್ತ ಇಷ್ಟು ದಿನಾ ನಾ ಬಿಚ್ಚೂದು ಜೋಡಸೂದು ನೋಡಕೋತ ಕುಂತಿದ್ರೆಲ್ಲ?"

"ನೀವು ತೊಳಿಯಾಕತ್ತೀರಿ ಅನ್ಕೊಂಡ್ನಿ. ಹಬ್ಬ ಹತ್ರ ಬಂದಿತ್ತಲ್ಲರಿ."

ಆಗ ನನಗೆ ಇನ್ನೊಂದು ಹೊಳೆಯಿತು. "ನಾ ಬಂದಾಗ ಒಮ್ಮೆರ ನಿಂತಿಲ್ಲಲ್ಲ ಇದು. ನನ್ನ ಮುಂದ ಯಾಕ ಏಳಲಿಲ್ಲ ನೀವು? ನಾನೂ ನಿಮ್ಮ ಸಾಹೇಬಳ ಅದೇನಿ."

ಫಕೀರಪ್ಪ ಮತ್ತೆ ಸೀಟಿನ ಮೇಲೆ ಕೂತ. "ನೀವು ಮನಿ ಮಗಳಿದ್ದಂಗ್ರಿ ಅಕ್ಕಾರ. ಮಗಳು ಬಂದ್ರ ಯಾರರ ಏಳತಾರೇನ್ರಿ?"

ಡಿಗ್ರಿಗೆ ಸ್ವಲ್ಪ ಪೆಟ್ಟಾಯಿತು. ಆದರೆ ಸಿಟ್ಟು ಮಾಡಲು ಮಾತಿನಲ್ಲಿ ಎಲ್ಲಿಯೂ ಹಿಡಿತ ಸಿಗಲಿಲ್ಲ.

ಸಾಹೇಬರಿಗೆ ಎಲ್ಲ ವಿವರಿಸಿದೆ. ಅವರು ನಗಲಿಲ್ಲ. "ಹಾಗಾದರೆ ಏಳಬಾರದು ಎಂದು ಹೇಳಿ" ಎಂದರು. "ಮುಂದಿನ ವಾರ ಆಡಳಿತ ಮಂಡಳಿ ಬರುತ್ತದೆ. ಮೈದಾನವನ್ನೂ, ಕೆಲಸವನ್ನೂ ನೋಡುತ್ತದೆ. ಈ ಮನುಷ್ಯನನ್ನು ಕಾಯಂ ಮಾಡುವ ವಿಷಯವೂ ಅಂದೇ ಇದೆ. ಅವರ ಎದುರಿಗೆ ಮಷೀನು ಒಂದು ಸಲ ನಿಂತರೂ ಕಾಯಂ ಹಾಗಿರಲಿ, ಮರುದಿನದಿಂದ ಅವನು ಬೇಡ. ಓಡಿಸಲು ಬೇರೆಯವರು ಸಿಗುತ್ತಾರೆ."

ಫಕೀರಪ್ಪನಿಗೆ ಹೇಳಿದೆ. ಅವನು ಗಾಡಿಯ ಮಡ್ಗಾರ್ಡ್ ಒರೆಸುತ್ತಿದ್ದ, ಒರೆಸುವುದನ್ನು ನಿಲ್ಲಿಸಲಿಲ್ಲ. "ಒಮ್ಮೆ ಎತ್ತಿನ ಜೋಡಿ ಕೆಲಸ ಹೋತು. ಈಗ ಇದರ ಜೋಡಿನೂ ಹೋಗೂದೇನ್ರಿ?" ಎಂದ, ಅಷ್ಟೆ.

ಬಿಡಿಭಾಗ ತರಲು ಸವದತ್ತಿಗೆ ಹೋದಾಗ ಅಲ್ಲಿಯ ಒಬ್ಬ ಮೆಕ್ಯಾನಿಕ್ಕನಿಗೆ ಕಥೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕು, "ಇದಕ್ಕ್ಯಾಕ ಇಷ್ಟು ವಿಚಾರ ಮೇಡಂ? ಸೀಟಿನ ಕೆಳಗ ಎರಡು ವಾಯರ್ ಅದಾವ, ಕೂಡಿಸಿ ಟೇಪ್ ಸುತ್ತರಿ. ಅಂವ ಏಳಲಿ, ಕುಣೀಲಿ, ಗಾಡಿ ಓಡತೈತಿ" ಎಂದ. ಜೊತೆಗೆ ಬಂದಿದ್ದ ಫಕೀರಪ್ಪನ ಮುಖ ಅರಳಿತು.

ನಾನು ಒಲ್ಲೆ ಎಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಯರಗಟ್ಟಿಯವರೆಗೂ ಅವನು ಕಿಟಕಿಯ ಹೊರಗೇ ನೋಡುತ್ತಿದ್ದ. ಆಮೇಲೆ ಮುಖ ತಿರುಗಿಸದೆ, "ಒಂದು ಗೇಣು ವಾಯರಿನ್ಯಾಗ ನನ್ನ ನೌಕರಿ ಉಳೀತಿತ್ತಲ್ಲರಿ ಅಕ್ಕಾರ" ಎಂದ.

"ನೌಕರಿ ಉಳೀತೈತಿ ಕಾಕಾ. ಬ್ಲೇಡು ತಿರಗೂ ಗಾಡಿ ಮ್ಯಾಲ ಕೈ ಬಿಟ್ಟು ನಿಂತು ನಮಸ್ಕಾರ ಮಾಡತೀರಿ. ಒಂದು ತೆಗ್ಗು ಬಂತಂದ್ರ? ಹ್ವಾದ ವಾರ ಬೇವಿನ ಬೇರು ಆ ಬ್ಲೇಡಿಗಿ ಸಿಕ್ಕು ಚೂರಚೂರಾಗಿದ್ದು ನೀವ ನೋಡೀರಿ."

"ನಾ ಬೀಳೂದಿಲ್ಲರಿ."

"ಬಿದ್ದವರು ಎಲ್ಲಾರೂ ಹಂಗ ಅಂದಿರತಾರ."

ಎಳೆಯರೇ, ನಿಮ್ಮ ನೌಕರಿಯಲ್ಲಿ ಈ ಗೇಣು ವಾಯರು ನಿಮ್ಮ ಕೈಗೂ ಬರುತ್ತದೆ. ಕೇಳುವವರು ಕೆಟ್ಟವರಾಗಿರುವುದಿಲ್ಲ, ಕಾರಣವೂ ಒಳ್ಳೆಯದೇ ಇರುತ್ತದೆ. ಆಗಲೂ ಕೂಡಿಸಬೇಡಿರಿ. ಅಂದು ನನಗೆ ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಬರುತ್ತಿರಲಿಲ್ಲ. ಅವನ ಕೆಲಸ ಹೋದರೆ ಅದು ನನ್ನ ಹಟದಿಂದ ಹೋದಂತೆ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು.

ಉಳಿದ ದಾರಿ ಒಂದೇ, ಫಕೀರಪ್ಪನಿಗೆ ಕೂತಿರುವುದನ್ನು ಕಲಿಸುವುದು. ಮೈದಾನದಲ್ಲಿ ತಾಲೀಮು ಶುರುವಾಯಿತು. ಅಡುಗೆಯ ಮುಖ್ಯಸ್ಥ ಗುರುಪಾದ ರುಮಾಲು ಸುತ್ತಿಕೊಂಡು ಅಧ್ಯಕ್ಷರ ಪಾತ್ರ ಮಾಡಿದ. ಗತ್ತಿನಿಂದ ನಡೆದು ಬಂದ. ಫಕೀರಪ್ಪ ಕೂತೇ ಇದ್ದ.

"ಭೇಷ್" ಎಂದೆ.

"ಇಂವ ಗುರುಪಾದರಿ. ಇವನ ಮುಂದ ಯಾಕ ಏಳಲಿ?"

"ಅಧ್ಯಕ್ಷರು ಅಂತ ತಿಳ್ಕೋರಿ."

ಹಾಗೆಂದು ತಿಳಿದುಕೊಂಡ ಕೂಡಲೇ ಎದ್ದ. ಗಾಡಿ ನಿಂತಿತು. ಗುರುಪಾದನಿಗೆ ಅದು ಎಷ್ಟು ಹಿಡಿಸಿತೆಂದರೆ ಬೇಳೆ ಹೊತ್ತಿದ ವಾಸನೆ ಬರುವವರೆಗೂ ಮೈದಾನ ಬಿಟ್ಟು ಹೋಗಲಿಲ್ಲ, ಮೇಲಿಂದ ಮೇಲೆ ನಡೆದು ಬರುತ್ತಲೇ ಇದ್ದ. "ನಾ ಏಳಬಾರದಂತೇನಿ, ಮೊಣಕಾಲು ಕೇಳೂದಿಲ್ಲರಿ" ಎಂದ ಫಕೀರಪ್ಪ. ಟವೆಲಿನಿಂದ ಸೀಟಿಗೆ ಕಟ್ಟಿರಿ ಎಂದು ಗುರುಪಾದ ಸಲಹೆ ಕೊಟ್ಟ. ಗಾಡಿ ಪಲ್ಟಿಯಾದರೆ ಹಾರಿಕೊಳ್ಳಲು ಬರಬೇಕಲ್ಲ, ಅದನ್ನೂ ಒಲ್ಲೆ ಎಂದೆ.

ಕೊನೆಗೆ ಬೈಲಹೊಂಗಲ ಪೇಟೆಯಲ್ಲಿ ಅಧ್ಯಕ್ಷರ ಮನೆಗೇ ಹೋದೆ. ಹತ್ತಿಯ ವ್ಯಾಪಾರ ಮಾಡಿ ಹಣ್ಣಾದ ಮುದುಕರು, ಎಲ್ಲರಿಗೂ ಅಜ್ಜಾರು. ಲೋಡಿಗೆ ಒರಗಿ ಕೂತಿದ್ದರು. ಹೇಳಿದ್ದನ್ನೆಲ್ಲ ಕೇಳಿ, "ಅಂದ್ರ ನನ್ನ ಮುಂದ ಕುಂತಿರಾಕ ಅಂವಗ ನಾನ ಪರವಾನಗಿ ಕೊಡಬೇಕು?" ಎಂದರು.

"ಹೌದ್ರಿ ಅಜ್ಜಾರ. ನಿಮ್ಮ ಬಾಯಿಂದ ಕೇಳಿದ್ರ ಅಂವ ಕುಂದರತಾನ."

"ನಮ್ಮ ಮನಿಯಾಗ ನಾ ಬಂದ್ರ ಯಾರೂ ಏಳೂದಿಲ್ಲ, ತಂಗಿ. ಮೊಮ್ಮಕ್ಕಳು ಕಾಲೂ ಮಡಚೂದಿಲ್ಲ. ಒಬ್ಬ ಏಳತಾನ, ಅವನ್ನೂ ಕುಂದ್ರಸಾಕ ಬಂದೀ." ಹೀಗೆಂದು ನಕ್ಕು, "ಆತು, ಹೇಳತೇನಿ ನಡಿ" ಎಂದರು.

ಮಂಡಳಿಯವರು ಬರುವ ದಿನ ಬೆಳಿಗ್ಗೆ ಆಯಿಲ್, ಬೆಲ್ಟು, ಬ್ಲೇಡು, ಟೈರು, ಬ್ಯಾಟರಿಯ ತುದಿ, ಎಲ್ಲ ನೋಡಿದೆ. ಸೀಟಿನ ಸ್ವಿಚ್ಚನ್ನೂ ನೋಡಿದೆ. ಅದು ಕೆಟ್ಟಿದ್ದರೆ ಚೆನ್ನಾಗಿತ್ತು ಎಂದು ಮನಸ್ಸು ಒಂದು ಕ್ಷಣ ಹೇಳಿತು. ಸರಿಯಾಗಿಯೇ ಇತ್ತು. ಮೈದಾನದ ಒಂದು ಪಟ್ಟಿ ಉಳಿಸಿಕೊಂಡು, ಮಂಡಳಿಯವರು ಗೇಟಿನಿಂದ ಬರುವಾಗ ಅದನ್ನು ಕತ್ತರಿಸುತ್ತಿರಬೇಕು ಎಂದು ಸಾಹೇಬರ ಆಜ್ಞೆಯಾಗಿತ್ತು.

ಬಂದರು. ಮುಂದೆ ಕೋಲು ಹಿಡಿದ ಅಜ್ಜಾರು, ಪಕ್ಕದಲ್ಲಿ ಮೇಜರ್ ಸಾಹೇಬರು, ಹಿಂದೆ ಉಳಿದ ಸದಸ್ಯರು. ಗಾಡಿ ಎದುರಿನಿಂದ ಬರುತ್ತಿತ್ತು. ಅಜ್ಜಾರು ಮಾತು ಮರೆತಿರಲಿಲ್ಲ. ಕೋಲೆತ್ತಿ, "ಫಕೀರಾ, ಕುಂತಿರೋ, ಏಳಬ್ಯಾಡ" ಎಂದು ಕೂಗಿದರು. ಎಂಜಿನ್ ಸದ್ದಿನಲ್ಲಿ ಅವನಿಗೆ ಹೆಸರಷ್ಟೇ ಕೇಳಿಸಿತು. ಅಧ್ಯಕ್ಷರು ತನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಾರೆ, ಏನನ್ನುತ್ತಾರೋ ಕೇಳೋಣ ಎಂದು ಅವನು ಏಳತೊಡಗಿದ. ಎಂಜಿನ್ ಒಮ್ಮೆ ಕೆಮ್ಮಿತು. ನಾನು ದೂರದಿಂದ ಎರಡೂ ಕೈಗಳನ್ನು ಕೋಳಿ ಓಡಿಸುವವರ ಹಾಗೆ ಕೆಳಗೆ ಬೀಸಿದೆ. ಅಜ್ಜಾರೂ ಕೋಲನ್ನು ಕೆಳಗೆ ಬೀಸಿದರು. ಫಕೀರಪ್ಪ ಧೊಪ್ಪೆಂದು ಕುಳಿತ. ಎಂಜಿನ್ ಹಿಡಿದುಕೊಂಡಿತು. ಕೂತಲ್ಲೇ ಕೈ ಮುಗಿಯದೆ ತಲೆ ಬಾಗಿಸಿ, ಕಣ್ಣು ಗಟ್ಟಿ ಮುಚ್ಚಿ, ಅಧ್ಯಕ್ಷರನ್ನು ದಾಟಿ ಹೋದ. ಕಣ್ಣು ಮುಚ್ಚಿದ್ದರೂ ಸಾಲು ನೇರ ಇತ್ತು.

ಮಂಡಳಿಯವರು ಧ್ವಜದ ಕಟ್ಟೆಯ ಹತ್ತಿರ ಹೋಗಿ ಕುರ್ಚಿಯಲ್ಲಿ ಕೂ‌ತರು. ಅವರು ಕೂರುವಷ್ಟರಲ್ಲಿ ಪಟ್ಟಿ ಮುಗಿಯಬೇಕಿತ್ತು. ಆದರೆ ಅಜ್ಜಾರಿಗೆ ಹೆದರಿ ಫಕೀರಪ್ಪ ನಿಧಾನ ಮಾಡಿದ್ದರಿಂದ ಮೈದಾನದ ಆ ತುದಿಯಲ್ಲಿ ಇನ್ನೂ ಅರ್ಧ ಸಾಲು ಉಳಿದಿತ್ತು. ಇತ್ತ ಸೀಟಿ ಊದಿದರು. ಮಕ್ಕಳ ಬ್ಯಾಂಡು ಶುರುವಾಯಿತು. ಝಂಡಾ ಏರತೊಡಗಿತು. ಎಲ್ಲರೂ ಎದ್ದು ನಿಂತರು.

ದೂರದಲ್ಲಿ ಫಕೀರಪ್ಪ ತಲೆ ಎತ್ತಿ ನೋಡಿದ. ಎದ್ದು ನಿಂತ.

ಎಂಜಿನ್ ಆರಿತು. ಇಡೀ ಮೈದಾನ ಶಾಂತವಾಯಿತು. ಬ್ಯಾಂಡು, ಮೇಲೆ ಬಟ್ಟೆಯ ಪಟಪಟ, ಅಷ್ಟೇ ಸದ್ದು. ಗಾಡಿಯ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ, ಕೈ ನೀಟಾಗಿ ತೊಡೆಗೆ ಹಚ್ಚಿ, ಗದ್ದ ಎತ್ತಿ ಅವನೊಬ್ಬ ನಿಂತಿದ್ದ. ಅಜ್ಜಾರ ಮುಂದೆ ಏಳಬೇಡ ಎಂದು ಒಂದು ವಾರ ಕಲಿಸಿದ್ದೆ. ಝಂಡಾದ ವಿಷಯ ಹೇಳಬೇಕೆಂದು ನನ್ನ ಯಾವ ಬುದ್ಧಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಏನು ಹೇಳುತ್ತಿದ್ದೆನೋ ಕಾಣೆ. ಮೇಜರ್ ಸಾಹೇಬರ ಕಡೆ ನೋಡಲು ಧೈರ್ಯ ಸಾಲಲಿಲ್ಲ.

ಬ್ಯಾಂಡು ಮುಗಿಯಿತು, ಎಲ್ಲರೂ ಕುಳಿತರು. ಫಕೀರಪ್ಪ ಕೂರಲಿಲ್ಲ. ಸಾಹೇಬರು ಕುರ್ಚಿಗೆ ಹೋಗದೆ ನೇರ ಮೈದಾನ ದಾಟಿ ಅವನ ಕಡೆ ನಡೆದರು. ಒಂದು ಮಾತಾದರೂ ಅಡ್ಡ ಆಡೋಣ ಎಂದು ನಾನು ಹಿಂದೆ ಓಡಿದೆ.

ಸಾಹೇಬರು ಗಾಡಿಯ ಮುಂದೆ ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲ್ಲ ಮುಗಿಯಿತು. ಕೂತುಕೊಳ್ಳಿ" ಎಂದರು.

ಫಕೀರಪ್ಪ ಕೂರಲಿಲ್ಲ. "ನೀವು ನಿಂತೀರಲ್ಲರಿ ಸಾಹೇಬ್ರ."

ಸಾಹೇಬರು ಆ ಇಸ್ತ್ರಿ ಪ್ಯಾಂಟಿನ ಮಂಡಿಯನ್ನು ಒಂದಿಷ್ಟು ಮೇಲೆ ಎಳೆದುಕೊಂಡು, ಹಸಿ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು. "ಈಗ?"

ಫಕೀರಪ್ಪ ಗಾಬರಿಯಿಂದ ನನ್ನ ಕಡೆ ನೋಡಿದ. "ಅಕ್ಕಾರ, ಸಾಹೇಬ್ರು ನೆಲಕ್ಕ ಕುಂತ್ರ ನಾ ಮ್ಯಾಲ ಹೆಂಗ ಕುಂದರ್ಲಿರಿ?" ಎನ್ನುತ್ತ ಗಾಡಿಯಿಂದ ಇಳಿದು ಅವನೂ ಹುಲ್ಲಿನ ಮೇಲೆ ಕೂತ. ಇಬ್ಬರೂ ಕೂತ ಮೇಲೆ ನಾನೊಬ್ಬಳೇ ನಿಂತು ಏನು ಮಾಡಲಿ, ನಾನೂ ಕೂತೆ. ಮಂಡಳಿಯವರು ಅತ್ತ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು.

"ಯಾಕ್ರೀ ಮೇಜರ್, ಗಾಡಿ ಕೆಟ್ಟಿತೇನು?" ಎಂದು ಅಜ್ಜಾರು ಅಲ್ಲಿಂದಲೇ ಕೂಗಿದರು.

ಸಾಹೇಬರು ಫಕೀರಪ್ಪನ ಮುಖ ನೋಡುತ್ತಲೇ ಉತ್ತರ ಕೊಟ್ಟರು. "ಇಲ್ಲ ಸರ್. ಏನೂ ಕೆಟ್ಟಿಲ್ಲ. ಬಹಳ ಚೆನ್ನಾಗಿದೆ."

ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ಆ ಸ್ವಿಚ್ಚು ತೆಗೆದುಹಾಕಿಲ್ಲ ತಾನೆ ನೀವು?"

"ಇಲ್ಲ ಸರ್."

"ತೆಗೆಯಬೇಡಿ."

ಆ ಸಂಜೆಯ ಸಭೆಯಲ್ಲಿ ಫಕೀರಪ್ಪ ಕಾಯಂ ಆದ. ಸಾಹೇಬರೇ ಪ್ರಸ್ತಾಪ ಮಾಡಿದರೆಂದು ಅಜ್ಜಾರು ಆಮೇಲೆ ಹೇಳಿದರು. ಪ್ಯಾಂಟಿನ ಹಿಂದಿನ ಹಸಿರು ಕಲೆಯನ್ನು ಅಗಸರವನು ಎಷ್ಟು ತಿಕ್ಕಿದರೂ ಹೋಗಲಿಲ್ಲವಂತೆ.

ಮುಂದಿನ ವಾರದಿಂದ ಸಾಹೇಬರು ಮೈದಾನದ ನಡುವೆ ಬರುವುದನ್ನು ಬಿಟ್ಟರು. ಗಾಡಿ ಓಡುವ ಹೊತ್ತಿನಲ್ಲಿ ಬೇವಿನ ಗಿಡಗಳ ಹಿಂದಿನಿಂದ, ಕಾಂಪೌಂಡ್ ಗೋಡೆಗೆ ಅಂಟಿಕೊಂಡು, ಪೇರಲ ಹಣ್ಣು ಕದಿಯಲು ಹೊರಟವರ ಹಾಗೆ ಸುತ್ತು ಹಾಕುತ್ತಿದ್ದರು. ಫಕೀರಪ್ಪನಿಗೆ ಚಿಂತೆ ಹತ್ತಿತು.

"ಸಾಹೇಬ್ರು ನನ್ನ ಮ್ಯಾಲ ಸಿಟ್ಟಾಗ್ಯಾರೇನ್ರಿ ಅಕ್ಕಾರ? ಈ ಕಡೆ ಹಾಯೂದ ಬಿಟ್ಟಾರ."

"ಸಿಟ್ಟಿಲ್ಲ ಕಾಕಾ. ಹುಲ್ಲು ಪೂರಾ ಆಗಲಿ ಅಂತ ಆ ಕಡಿಂದ ಹೋಗತಾರ."

"ಹಂಗಂದ್ರ ನಮಸ್ಕಾರ ಬಾಕಿ ಉಳೀತಲ್ಲರಿ."

ಅದಕ್ಕೂ ಅವನೇ ದಾರಿ ಕಂಡುಕೊಂಡ. ಬೆಳಿಗ್ಗೆ ನಾನು ಆಯಿಲ್ ಕಡ್ಡಿ ನೋಡುವಷ್ಟರಲ್ಲಿ ಕಚೇರಿಗೆ ಹೋಗಿ ಇಡೀ ದಿನದ ನಮಸ್ಕಾರವನ್ನು ಒಂದೇ ಸಲ ಮಾಡಿ ಬಂದು ಗಾಡಿ ಹತ್ತತೊಡಗಿದ. ಒಂದು ದಿನ ಪಂಪಿನ ಬಿಲ್ಲಿಗೆ ಸಹಿ ಮಾಡಿಸಲು ನಾನೂ ಅದೇ ಹೊತ್ತಿಗೆ ಒಳಗಿದ್ದೆ. ಬಾಗಿಲಲ್ಲಿ ಫಕೀರಪ್ಪ ಕಾಣಿಸಿದ ಕೂಡಲೇ ಮೇಜರ್ ಸಾಹೇಬರು ಪೆನ್ನು ಕೆಳಗಿಟ್ಟು, ಕುರ್ಚಿಯಿಂದ ಎದ್ದು ನಿಂತು, ಕೈ ಮುಗಿದರು. ಇವನೂ ಮುಗಿದ. ಅವನು ಹೋದ ಮೇಲೆ ಸಾಹೇಬರು ಕೂತು ಸಹಿ ಮಾಡಿದರು.

ಅದು ಅವರು ಶಾಲೆ ಬಿಟ್ಟು ಹೋಗುವವರೆಗೂ ನಡೆಯಿತು. ಫಕೀರಪ್ಪ ಬರುವುದು ತಡವಾದ ದಿನ ಸಾಹೇಬರು ಕುರ್ಚಿಗೆ ಹೋಗುತ್ತಲೇ ಇರಲಿಲ್ಲ. ಕಿಟಕಿಯ ಹತ್ತಿರ ನಿಂತೇ ಕಾಗದ ಓದುತ್ತಿದ್ದರು. ಯಾಕೆ ಸರ್ ಎಂದು ಒಮ್ಮೆ ಕೇಳಿದ್ದಕ್ಕೆ, "ಅವರು ಇನ್ನೂ ಬಂದಿಲ್ಲವಲ್ಲ. ಕೂತರೆ ಮತ್ತೆ ಏಳಬೇಕು" ಎಂದರು.